ನೆಲದಿಂದ ಎದ್ದ ಲೋಹದ ಗುಂಡಿಗಳು (ಬಟನ್‌ಗಳು): ತೊಳೆಯುವ, ಉಳಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನಲ್ಲಿ ನೆಲೆಸಿ ಮೆಟಲ್ ಡಿಟೆಕ್ಟರ್ ಹವ್ಯಾಸ ಹಿಡಿದ ಕನ್ನಡದ ಗೆಳೆಯರು, ಅವರ ಫೋಟೊ ನೋಡಿ ಊರಿನಿಂದ ಕುತೂಹಲಕ್ಕೆ ಬರೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ನಾಣ್ಯ ಸಿಕ್ಕರೆ ಜನ ಉಸಿರು ಬಿಗಿಹಿಡಿದು ಜೋಪಾನ ಮಾಡುತ್ತಾರೆ. ಅಂಗಿಯ ಗುಂಡಿ ಸಿಕ್ಕರೆ ಅಡುಗೆಮನೆಯ ಸಿಂಕಿಗೆ ಹಾಕಿ ತಿಕ್ಕುತ್ತಾರೆ. ನನ್ನ ತಕರಾರು ಇರುವುದು ಈ ತಿಕ್ಕುವುದರ ಮೇಲೆಯೇ.

## ಶುರುವಿನ ಪ್ರಶ್ನೆಗಳು

ಹೊಲದಲ್ಲಿ ಇಷ್ಟೊಂದು ಗುಂಡಿಗಳು ಎಲ್ಲಿಂದ ಬಂದವು? ಅಲ್ಲಿ ಜನ ಬಟ್ಟೆ ಬಿಚ್ಚಿಟ್ಟು ಹೋಗಿದ್ದರೇ?

ದುಡಿಯುವವರ ಕೋಟಿನಿಂದ ಉದುರಿದವು ಕೆಲವು. ಗೊಬ್ಬರದ ಗಾಡಿಯಲ್ಲಿ ಬಂದವೂ ಸಾಕಷ್ಟಿವೆ. ಪಟ್ಟಣದ ಕಸ ಮತ್ತು ಬೂದಿ ಹೊಲಕ್ಕೆ ಹೋಗುತ್ತಿದ್ದ ಕಾಲವದು. ಉಣ್ಣೆ ಗಿರಣಿಗಳ ಚಿಂದಿಯನ್ನೂ ಗೊಬ್ಬರವಾಗಿ ಹರಡುತ್ತಿದ್ದರು. ಕೆಂಟ್ ಪ್ರಾಂತ್ಯದಲ್ಲಿ ಬಿಯರಿಗೆ ಕಹಿ ಕೊಡುವ ಹಾಪ್ ಬಳ್ಳಿಯ ತೋಟಗಳಿಗೆ ಅದು ಬಹಳ ಬೇಕಾದ ಗೊಬ್ಬರ. ಚಿಂದಿಯ ಜೊತೆ ಅದಕ್ಕೆ ಹೊಲಿದಿದ್ದ ಗುಂಡಿಯೂ ನೆಲ ಸೇರಿತು. ಆದ್ದರಿಂದ ಯಾವುದೋ ಹಳ್ಳಿಯ ಹೊಲದಲ್ಲಿ ಸೈನಿಕ ಗುಂಡಿ ಸಿಕ್ಕಿತೆಂದು ಅಲ್ಲೊಂದು ಯುದ್ಧವನ್ನೇ ಕಲ್ಪಿಸಿಕೊಳ್ಳಬೇಡಿ.

ಗುಂಡಿ ಮಣ್ಣಿನಿಂದ ಹೊರಬಂದ ಕೂಡಲೇ ಹೆಬ್ಬೆರಳಿನಿಂದ ಉಜ್ಜಿ ನೋಡುತ್ತೇನೆ. ಅದರಲ್ಲೇನು ತಪ್ಪು?

ಬೆರಳಿಗೂ ಗುಂಡಿಗೂ ನಡುವೆ ಇರುವುದು ಮರಳು. ಮರಳಿನ ಕಣ ಚಿನ್ನಕ್ಕಿಂತ ಬಹಳ ಗಟ್ಟಿ.

ಒಂದು ಲೆಕ್ಕ ಹೇಳುತ್ತೇನೆ. ಗಿಲೀಟು, ಅಂದರೆ ಚಿನ್ನದ ತೆಳು ಲೇಪವಿರುವ ಗುಂಡಿಗಳಲ್ಲಿ ಮೋಸ ಹೆಚ್ಚಾಯಿತೆಂದು ಬ್ರಿಟಿಷ್ ಸಂಸತ್ತು 1796ರಲ್ಲಿ ಕಾಯ್ದೆ ತಂದಿತು. ಒಂದು ಅಂಗುಲ ಅಗಲದ 144 ಗುಂಡಿಗಳಿಗೆ ಕನಿಷ್ಠ 5 ಗ್ರೇನ್ ಚಿನ್ನ ಬಳಸಿದ್ದರೆ ಮಾತ್ರ ‘ಗಿಲ್ಟ್’ ಎಂದು ಮುದ್ರೆ ಒತ್ತಬಹುದಿತ್ತು. 5 ಗ್ರೇನ್ ಎಂದರೆ ಸುಮಾರು 0.32 ಗ್ರಾಂ. ಒಂದು ಗುಂಡಿಯ ಪಾಲಿಗೆ ಬಂದದ್ದು ಎರಡು ಮಿಲಿಗ್ರಾಮಿಗಿಂತ ತುಸು ಹೆಚ್ಚು. ಅದನ್ನು ಎರಡೂ ಮುಖಕ್ಕೆ ಹರಡಿದರೆ ಪದರದ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು. ಇನ್ನೂರು ವರ್ಷ ನೆಲದೊಳಗೆ ಉಳಿದ ಆ ಪದರವನ್ನು ಹೆಬ್ಬೆರಳಿನ ಎರಡು ಸುತ್ತು ಮುಗಿಸಿಬಿಡಬಹುದು. ಸಿಕ್ಕ ಗುಂಡಿಯನ್ನು ಅದರ ಮಣ್ಣಿನ ಸಮೇತ ಸಣ್ಣ ಡಬ್ಬಿಯಲ್ಲಿ ಹಾಕಿಕೊಳ್ಳಿ. ಜೇಬಿನಲ್ಲಿ ಚಿಲ್ಲರೆ, ಕೀಲಿಕೈಗಳ ಜೊತೆ ಬೇಡ.

ಮನೆಗೆ ತಂದ ಮೇಲೆ ಮೊಟ್ಟಮೊದಲು ಏನು ಮಾಡಬೇಕು?

ಫೋಟೊ ತೆಗೆಯಿರಿ. ಎರಡೂ ಮುಖ, ಪಕ್ಕದಲ್ಲೊಂದು ಅಳತೆಪಟ್ಟಿ, ಓರೆಯಾಗಿ ಬೀಳುವ ಬೆಳಕು. ಯಾವ ಹೊಲ, ಯಾವ ದಿನ, ಎಷ್ಟು ಆಳ ಎಂದು ಚೀಟಿಯಲ್ಲಿ ಬರೆದು ಗುಂಡಿಯ ಜೊತೆಗೇ ಇಡಿ. ಎಷ್ಟೋ ಸಲ ತೊಳೆಯುವ ಮೊದಲಿನ ಫೋಟೊದಲ್ಲಿ ಕಂಡ ಅಕ್ಷರ ತೊಳೆದ ಮೇಲೆ ಕಾಣುವುದಿಲ್ಲ. ಗೆರೆಗಳಲ್ಲಿ ಕೂತ ಮಣ್ಣು ಆ ಅಕ್ಷರವನ್ನು ಎತ್ತಿ ತೋರಿಸುತ್ತಿರುತ್ತದೆ.

ಯಾವ ಲೋಹವೆಂದು ಗೊತ್ತಾಗುವುದು ಹೇಗೆ? ಎಲ್ಲವೂ ಮಣ್ಣಿನ ಬಣ್ಣದವೇ.

ಅಂಚನ್ನು ನೋಡಿ. ಹಸಿರು ಅಥವಾ ಕಂದು ಕಿಲುಬು ಕಂಡರೆ ತಾಮ್ರ ಬೆರೆತ ಲೋಹ. ಹಿತ್ತಾಳೆ, ಕಂಚು ಎಲ್ಲವೂ ಇದರಲ್ಲಿ ಬಂದವು. ಮಂಕು ಬೂದು ಬಣ್ಣ, ಮೈಮೇಲೆ ಗುಳ್ಳೆ ಎದ್ದಂತಹ ಉಬ್ಬುಗಳು, ಗಾತ್ರಕ್ಕೆ ಮೀರಿದ ತೂಕ ಇದ್ದರೆ ತವರ ಮತ್ತು ಸೀಸ ಬೆರೆತ ಪ್ಯೂಟರ್. ಬೆಳ್ಳಿಯಂತೆ ಬೂದು ಬಣ್ಣವಿದ್ದು, ನಿನ್ನೆ ಬಿದ್ದಂತೆ ನಯವಾಗಿದ್ದರೆ 18ನೇ ಶತಮಾನದ ಟಾಂಬಾಕ್ ಇರಬಹುದು. ಅದು ತಾಮ್ರ, ಸತು ಬೆರೆತ ಮಿಶ್ರಲೋಹ, ಮಣ್ಣಿನಲ್ಲಿ ಅಷ್ಟಾಗಿ ಕೆಡುವುದಿಲ್ಲ. ಅಯಸ್ಕಾಂತಕ್ಕೆ ಅಂಟಿದರೆ ಎಲ್ಲೋ ಕಬ್ಬಿಣವಿದೆ, ಬಹುಮಟ್ಟಿಗೆ ಹಿಂಬದಿಯಲ್ಲಿ ಅಥವಾ ದಾರ ಹಾಯಿಸಿ ಹೊಲಿಯುವ ಕೊಂಡಿಯಲ್ಲಿ. ಗರಿಯಷ್ಟು ಹಗುರವಾಗಿ ಹೊಂಬಣ್ಣ ಮಾಸದೇ ಇದ್ದರೆ ಬಣ್ಣ ಕಟ್ಟಿದ ಅಲ್ಯೂಮಿನಿಯಂ. ಎರಡನೇ ಎಲಿಜಬೆತ್ ಕಾಲದ ಸೈನಿಕ ಗುಂಡಿ, ಅದಕ್ಕೆ ನೀರು ಸಾಕು.

ಲೋಹ ತಿಳಿಯುವವರೆಗೆ ಯಾವ ದ್ರಾವಣವನ್ನೂ ಮುಟ್ಟಬೇಡಿ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ.

ನೀರಿನಲ್ಲಿ ನೆನೆಹಾಕಬಹುದೇ? ಎಷ್ಟು ಹೊತ್ತು?

ಗಟ್ಟಿಮುಟ್ಟಾದ ಒಂದೇ ತುಂಡಿನ ತಾಮ್ರದ ಗುಂಡಿಯಾದರೆ ಭಟ್ಟಿ ಇಳಿಸಿದ ನೀರಿನಲ್ಲಿ ಅರ್ಧ ಗಂಟೆ ಇಟ್ಟರೆ ಬಾಧೆಯಿಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್ ಅಂಶ ಇರುತ್ತದೆ, ಲಂಡನ್ ಸುತ್ತಮುತ್ತ ಸುಣ್ಣವೂ ಹೆಚ್ಚು. ಕೊನೆಯ ತೊಳೆತವಾದರೂ ಭಟ್ಟಿ ಇಳಿಸಿದ ನೀರಿನಲ್ಲೇ ಆಗಲಿ. ಕಬ್ಬಿಣ ಇರುವುದು, ಗಿಲೀಟು ಏಳುತ್ತಿರುವುದು, ಕೊಂಡಿಯಲ್ಲಿ ದಾರ ಉಳಿದಿರುವುದು, ಈ ಮೂರನ್ನು ನೆನೆಸಲೇಬಾರದು. ಅಂಥವುಗಳ ಮಣ್ಣನ್ನು ಒಣಗಲು ಬಿಟ್ಟು, ಮೃದುವಾದ ಚಿತ್ರಕಲೆಯ ಬ್ರಷ್ಷಿನಿಂದ ಸರಿಸಿ. ಜೇಡಿಮಣ್ಣು ಅಂಟಿಕೊಂಡಿದ್ದರೆ ಅಲ್ಲಿಗಷ್ಟೇ ಒಂದು ಹನಿ ನೀರು ಬಿಟ್ಟು, ಮೆತ್ತಗಾದ ಮೇಲೆ ಬಿದಿರಿನ ಕಡ್ಡಿಯಿಂದ ಎತ್ತಿ. ಗುಲಾಬಿ ಮುಳ್ಳನ್ನು ಪೆನ್ಸಿಲಿನ ತುದಿಗೆ ಅಂಟಿಸಿಕೊಂಡರೆ ಅದರಷ್ಟು ಒಳ್ಳೆಯ ಉಪಕರಣ ದುಡ್ಡು ಕೊಟ್ಟರೂ ಸಿಗದು. ಸೂಜಿಯ ಉಕ್ಕು ಲೋಹವನ್ನು ಗೀರುತ್ತದೆ, ಮುಳ್ಳು ತಾನೇ ಸವೆಯುತ್ತದೆ.

ಅಮ್ಮ ಪೂಜೆಯ ಸಾಮಾನನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಫಳಫಳ ಹೊಳೆಸುತ್ತಾರೆ. ಗುಂಡಿಗೆ ಮಾತ್ರ ಅದೇಕೆ ಬೇಡ?

ಈ ಪ್ರಶ್ನೆ ಕನ್ನಡದವರಿಂದ ಮಾತ್ರ ಬರುತ್ತದೆ, ಮತ್ತು ನ್ಯಾಯವಾದ ಪ್ರಶ್ನೆ. ಹುಣಸೆಯ ಟಾರ್ಟಾರಿಕ್ ಆಮ್ಲ ತಾಮ್ರದ ಮೇಲಿನ ಕಪ್ಪನ್ನು ಕರಗಿಸುತ್ತದೆ, ಬೂದಿ ಅಥವಾ ಉಪ್ಪು ಉಳಿದದ್ದನ್ನು ಕೆರೆಯುತ್ತದೆ. ದೀಪದ ಕಂಬದಲ್ಲಿ ಗಟ್ಟಿ ಹಿತ್ತಾಳೆ ಇದೆ. ವಾರಕ್ಕೊಮ್ಮೆ ಕೂದಲೆಳೆಯಷ್ಟು ಹೋದರೂ ಅದು ಮೊಮ್ಮಕ್ಕಳ ಕಾಲಕ್ಕೂ ದೀಪದ ಕಂಬವೇ.

ನೆಲದಿಂದ ಬಂದ ಗುಂಡಿಯ ಕಥೆ ಬೇರೆ. ಅದರ ಮೂಲ ಮೇಲ್ಮೈ ಈಗ ಲೋಹವಾಗಿ ಉಳಿದಿಲ್ಲ, ಕಿಲುಬಾಗಿ ಮಾರ್ಪಟ್ಟಿದೆ. ಅಕ್ಷರದ ಅಂಚು, ಸಿಂಹದ ಕೇಸರ, ಹಡಗಿನ ಹಗ್ಗ ಎಲ್ಲವೂ ನಿಂತಿರುವುದು ಆ ಗಟ್ಟಿ ಹಸಿರು ಪದರದಲ್ಲಿ. ಆಮ್ಲ ಅದನ್ನು ಕರಗಿಸಿದರೆ ಕೆಳಗೆ ಸಿಗುವುದು ಗುಳಿಬಿದ್ದ ಬರಿಯ ಬಿಲ್ಲೆ. ಜೊತೆಗೆ ಹಿತ್ತಾಳೆಯ ಸತು ಮೊದಲು ಕರಗಿ ಹೋಗುತ್ತದೆ, ತಾಮ್ರ ಉಳಿಯುತ್ತದೆ, ಗುಂಡಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ಗುಲಾಬಿ ಬಣ್ಣವನ್ನು ಯಾರಿಂದಲೂ ಹಿಂದೆ ತರಲಾಗದು. ನಿಂಬೆರಸ, ವಿನೆಗರ್, ಟೊಮೆಟೊ ಸಾಸ್, ಕೋಲಾ, ಪೀತಾಂಬರಿ ಪುಡಿ ಎಲ್ಲಕ್ಕೂ ಇದೇ ಉತ್ತರ.

## ಲೋಹಕ್ಕೆ ತಕ್ಕ ಉಪಚಾರ

ಗಿಲೀಟಿನ ಗುಂಡಿ ಅರ್ಧ ಹೊಳಪು, ಅರ್ಧ ಹಸಿರು. ಹಸಿರಿನ ಕೆಳಗೂ ಚಿನ್ನ ಇದೆಯೇ? ಅದನ್ನು ಹೊರತರುವುದು ಹೇಗೆ?

ಬಹಳ ಸಲ ಇರುತ್ತದೆ. ಅದು ಅಲ್ಲಿ ಹೇಗೆ ಕೂತಿದೆ ಎಂದು ತಿಳಿದರೆ ಕೈ ತಾನಾಗಿ ಮೆಲ್ಲಗಾಗುತ್ತದೆ. 1840ರಲ್ಲಿ ಎಲ್ಕಿಂಗ್ಟನ್ ಸಂಸ್ಥೆ ವಿದ್ಯುತ್ ಲೇಪನದ ಪೇಟೆಂಟ್ ಪಡೆಯುವ ಮೊದಲು ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳಲ್ಲಿ ಗಿಲೀಟು ಮಾಡುತ್ತಿದ್ದುದು ಪಾದರಸದಿಂದ. ಚಿನ್ನವನ್ನು ಪಾದರಸದಲ್ಲಿ ಕರಗಿಸಿ, ಬೆಣ್ಣೆಯಂತಹ ಆ ಮಿಶ್ರಣವನ್ನು ಗುಂಡಿಗೆ ಸವರಿ, ಕಾಯಿಸಿ ಪಾದರಸವನ್ನು ಹಾರಿಸುತ್ತಿದ್ದರು. ಆ ಹೊಗೆ ಕುಡಿದ ಕೆಲಸಗಾರರ ಪಾಡು ಬೇರೆಯೇ ಅಧ್ಯಾಯ. ಹೀಗೆ ಕೂತ ಚಿನ್ನದ ಪದರದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ನೆಲದ ತೇವ ಆ ರಂಧ್ರಗಳ ಮೂಲಕ ಒಳಗಿನ ತಾಮ್ರವನ್ನು ತಿನ್ನುತ್ತದೆ, ಕಿಲುಬು ಅದೇ ದಾರಿಯಲ್ಲಿ ಮೇಲೆ ಬಂದು ಚಿನ್ನದ ಮೇಲೆ ಹರಡುತ್ತದೆ. ಅಂದರೆ ಕೆಳಗೊಂದು ಕಿಲುಬಿನ ಪದರ, ನಡುವೆ ಚಿನ್ನ, ಮೇಲೆ ಇನ್ನೊಂದು ಕಿಲುಬಿನ ಪದರ. ದ್ರಾವಣಕ್ಕೆ ಮೇಲಿನದು ಯಾವುದು, ಕೆಳಗಿನದು ಯಾವುದು ಎಂಬ ಭೇದವಿಲ್ಲ. ಕೆಳಗಿನದು ಕರಗಿದರೆ ಚಿನ್ನಕ್ಕೆ ನೆಲೆಯೇ ಇರುವುದಿಲ್ಲ, ಸಿಪ್ಪೆಯಂತೆ ತೇಲಿಬರುತ್ತದೆ. ಅದಕ್ಕೇ ಇಲ್ಲಿ ಕೈಕೆಲಸವೇ ಸರಿ.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಪಕ್ಕದಿಂದ ಬೀಳುವ ದೀಪ, ಉಳಿಯ ಹಾಗೆ ಚಪ್ಪಟೆಯಾಗಿ ಕೆತ್ತಿದ ಬಿದಿರಿನ ಕಡ್ಡಿ, ಹತ್ತಿ, ಸ್ವಲ್ಪ ಎಥನಾಲ್ ಇಟ್ಟುಕೊಳ್ಳಿ. ಗುಂಡಿಯನ್ನು ಮೆತ್ತನೆಯ ಫೋಮಿನ ಮೇಲೆ ಕೂರಿಸಿ. ಹೊಳಪು ಮತ್ತು ಹಸಿರು ಸೇರುವ ಗಡಿಯಿಂದ ಶುರುಮಾಡಿ. ಅಲ್ಲಿ ಒಂದು ಹನಿ ಎಥನಾಲ್ ಮುಟ್ಟಿಸಿ, ಕಡ್ಡಿಯ ತುದಿಯನ್ನು ಮಲಗಿಸಿ, ಹಸಿರಿನ ಅಂಚಿನ ಅಡಿಗೆ ತೂರಿಸಲು ನೋಡಿ. ಒಣಗಿದ ಕಿಲುಬು ಹಪ್ಪಳದ ಚೂರಿನ ಹಾಗೆ ಟಕ್ಕೆಂದು ಎದ್ದು ಬಂದರೆ ಕೆಳಗಿನ ಹೊಂಬಣ್ಣ ಹಾಗೆಯೇ ಕಾಣುತ್ತದೆ. ಏಳದಿದ್ದರೆ ಬಲ ಹಾಕಬೇಡಿ, ಪಕ್ಕಕ್ಕೆ ಸರಿಯಿರಿ. ಪುಡಿಯನ್ನು ಹತ್ತಿಯಿಂದ ಒರೆಸದೆ, ಒದ್ದೆ ಹತ್ತಿಯನ್ನು ಕಡ್ಡಿಗೆ ಸುತ್ತಿ ಉರುಳಿಸಿ ಎತ್ತಿಕೊಳ್ಳಿ. ಹತ್ತಿಯ ಮೇಲೆ ಹೊಂಬಣ್ಣದ ಮಿನುಗು ಕಂಡರೆ ಆ ಜಾಗದಲ್ಲಿ ಕೆಲಸ ನಿಲ್ಲಿಸಿ. ಒಂದು ಗುಂಡಿಗೆ ಒಂದು ಸಂಜೆ ಹಿಡಿಯುತ್ತದೆ. ಅರ್ಧ ಹಸಿರು ಉಳಿದರೂ ಸೋತಂತಲ್ಲ.

ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಹಾಕಿದರೆ ಮಣ್ಣು ತಾನೇ ಬಿಡುತ್ತದೆಯಂತೆ, ಹೌದೇ?

ಬಿಡುತ್ತದೆ. ಔಷಧಿ ಅಂಗಡಿಯ 3 ಶೇಕಡಾ ದ್ರಾವಣವನ್ನೂ ತಾಮ್ರ ವೇಗವಾಗಿ ಒಡೆಯುತ್ತದೆ, ಆಮ್ಲಜನಕದ ಗುಳ್ಳೆಗಳು ಸಂದುಗಳೊಳಗಿಂದ ಮಣ್ಣನ್ನು ತಳ್ಳುತ್ತವೆ. ನೋಡಲು ಮಜವಾಗಿರುವುದೇ ಇದರ ಅಪಾಯ. ಅದೇ ಗುಳ್ಳೆ ಸಡಿಲವಾದ ಗಿಲೀಟನ್ನೂ ತಳ್ಳುತ್ತದೆ, ರಂಧ್ರಗಳೊಳಗಿನ ತಾಮ್ರವನ್ನು ಮತ್ತಷ್ಟು ತಿನ್ನುತ್ತದೆ. ಗಟ್ಟಿಯಾಗಿ ಎರಕ ಹೊಯ್ದ, ಗಿಲೀಟಿಲ್ಲದ ಗುಂಡಿಯಾದರೆ ಕೆಲವು ನಿಮಿಷ, ಕಣ್ಣೆದುರಿಗೇ. ಮಿಕ್ಕವಕ್ಕೆ ಬೇಡ, ಪ್ಯೂಟರಿಗಂತೂ ಖಂಡಿತ ಬೇಡ. ದ್ರಾವಣವಿರುವ ಬಾಟಲಿಯ ಮುಚ್ಚಳ ಬಿಗಿಮಾಡಿದರೆ ಅನಿಲ ತುಂಬಿ ಸಿಡಿಯಬಹುದು. ವಿನೆಗರ್ ಜೊತೆ ಬೆರೆಸುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ; ಪೆರಾಸಿಟಿಕ್ ಆಮ್ಲ ಹುಟ್ಟುತ್ತದೆ, ಕಣ್ಣು ಗಂಟಲು ಉರಿಯುತ್ತವೆ.

ಅಲ್ಯೂಮಿನಿಯಂ ಫಾಯಿಲ್, ಬಿಸಿನೀರು, ಅಡುಗೆ ಸೋಡಾ? ಬೆಳ್ಳಿ ಲೋಟಕ್ಕೆ ಚೆನ್ನಾಗಿ ಕೆಲಸ ಮಾಡಿತು.

ಬೆಳ್ಳಿ ಲೋಟಕ್ಕೆ ಸರಿ. ಕಪ್ಪಾದ ಬೆಳ್ಳಿ ಸಲ್ಫೈಡಿನಿಂದ ಗಂಧಕವನ್ನು ಬಿಡಿಸಿ ಬೆಳ್ಳಿಯನ್ನು ಹಿಂದಕ್ಕೆ ಕೊಡುವ ರಾಸಾಯನಿಕ ಕ್ರಿಯೆ ಅದು. ಕೊಳೆತ ಮೊಟ್ಟೆಯ ವಾಸನೆ ಬರುವುದು ಅದಕ್ಕೇ. ಗಟ್ಟಿ ಬೆಳ್ಳಿಯ ಗುಂಡಿ, ಬರೀ ಕಪ್ಪು, ಬಿರುಕಿಲ್ಲ ಎಂದಾದರೆ ಒಂದೆರಡು ನಿಮಿಷ ಮಾಡಿ, ಚೆನ್ನಾಗಿ ತೊಳೆಯಿರಿ. ತಾಮ್ರದ ಮೇಲೆ ಬೆಳ್ಳಿ ಅಥವಾ ಚಿನ್ನದ ತೆಳು ಹೊದಿಕೆ ಇರುವ ಗುಂಡಿಗೆ ಇದು ಹೊದಿಕೆ ಕಳಚುವ ದಾರಿ.

ಪ್ಯೂಟರ್ ಗುಂಡಿ ಬೂದು ಹಿಡಿದು ಅಂಚು ಪುಡಿಯಾಗುತ್ತಿದೆ. ಉಳಿಸಬಹುದೇ?

ಉಳಿಸಬಹುದು, ಹೊಳೆಸಲಾಗದು. ಸೀಸ ಮತ್ತು ತವರಕ್ಕೆ ಆಮ್ಲವೇ ಶತ್ರು. ಭಟ್ಟಿ ಇಳಿಸಿದ ನೀರಿನ ಹನಿಯಿಂದ ಮಣ್ಣು ತೆಗೆದು, ಎಥನಾಲ್ ತಾಗಿಸಿ ನೀರನ್ನು ಹೊರಡಿಸಿ, ಪೂರ್ತಿ ಒಣಗಿದ ಮೇಲೆ ಅಸಿಟೋನಿನಲ್ಲಿ ತೆಳುವಾಗಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ರಾಳವನ್ನು ಪುಡಿಯಾಗುವ ಅಂಚಿಗೆ ಬ್ರಷ್ಷಿನಿಂದ ಕುಡಿಸಿ. ಈ ರಾಳದ ದೊಡ್ಡ ಗುಣವೆಂದರೆ ಬೇಡವೆನಿಸಿದಾಗ ಮತ್ತೆ ಅಸಿಟೋನಿನಲ್ಲಿ ಕರಗಿಸಿ ತೆಗೆಯಬಹುದು. ಬ್ರಷ್ಷಿನಿಂದ ಎದ್ದ ಧೂಳಿನಲ್ಲಿ ಸೀಸವಿದೆ. ಊಟದ ಮೇಜಿನ ಮೇಲೆ ಈ ಕೆಲಸ ಬೇಡ, ಕೈ ತೊಳೆಯದೆ ಏನನ್ನೂ ಬಾಯಿಗೆ ಹಾಕಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಮುಂಭಾಗ ಹಿತ್ತಾಳೆ, ಹಿಂಭಾಗ ಕಬ್ಬಿಣ. ತುಕ್ಕು ಉಬ್ಬಿ ಗುಂಡಿ ಬಾಯಿ ಬಿಡುತ್ತಿದೆ.

19ನೇ ಶತಮಾನದಲ್ಲಿ ಎರಡು ತಗಡುಗಳನ್ನು ಅಂಚು ಮಡಿಸಿ ಜೋಡಿಸುವ ಪದ್ಧತಿ ಹರಡಿತು, ಆಗ ಹುಟ್ಟಿದ ತೊಂದರೆಯಿದು. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಒಳಗಿನಿಂದ ತಳ್ಳುತ್ತದೆ. ಸಡಿಲವಾದ ತುಕ್ಕನ್ನು ಒಣ ಬ್ರಷ್ಷಿನಿಂದ ತೆಗೆದು, ಕೂಡಲೇ ಒಣ ವಾತಾವರಣಕ್ಕೆ ಸೇರಿಸಿ. ಟ್ಯಾನಿಕ್ ಆಮ್ಲದ ದ್ರಾವಣ ತುಕ್ಕನ್ನು ಕಪ್ಪು, ಸ್ಥಿರ ಪದರವಾಗಿ ಬದಲಿಸುತ್ತದೆ. ಆದರೆ ಅದು ಹಿತ್ತಾಳೆಯ ಕಡೆಗೆ ಹರಿಯದಂತೆ ಹನಿಹನಿಯಾಗಿ ಹಚ್ಚಬೇಕು. ತುಕ್ಕನ್ನೆಲ್ಲ ತೆಗೆಯುತ್ತೇನೆಂದು ಹೊರಟರೆ ಹಿಂಭಾಗವೇ ಇರುವುದಿಲ್ಲ.

ಶಬ್ದದ ಅಲೆಗಳಿಂದ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರ ಕೊಳ್ಳಲೇ? ದ್ರಾವಣದಲ್ಲಿ ವಿದ್ಯುತ್ ಹರಿಸುವ ಎಲೆಕ್ಟ್ರಾಲಿಸಿಸ್?

ಎರಡೂ ಬೇಡ. ಮೊದಲನೆಯದು ಸಡಿಲವಾದದ್ದನ್ನೆಲ್ಲ ಉದುರಿಸುತ್ತದೆ, ಎರಡನೆಯದು ಪದರಗಳನ್ನೆಲ್ಲ ಕಿತ್ತು ಗುಳಿಬಿದ್ದ ಲೋಹವನ್ನು ಕೈಗಿಡುತ್ತದೆ.

## ತೊಡಕಿನ ಪ್ರಕರಣಗಳು

ಕೊಂಡಿಯೊಳಗೆ ನಾರಿನಂತಹದು ಸಿಕ್ಕಿಕೊಂಡಿದೆ. ಬೇರಿನ ಚೂರಿರಬೇಕು, ಕಿತ್ತುಹಾಕಲೇ?

ನಿಲ್ಲಿ! ಅದು ಗುಂಡಿಯನ್ನು ಕೋಟಿಗೆ ಹೊಲಿದ ದಾರವೇ ಇರಬಹುದು. ಇಂಗ್ಲೆಂಡಿನ ಹಸಿ ಮಣ್ಣಿನಲ್ಲಿ ಬಟ್ಟೆ ಉಳಿಯುವುದು ಅಪರೂಪ. ಆದರೆ ತಾಮ್ರದಿಂದ ಒಸರುವ ಲವಣ ಸೂಕ್ಷ್ಮಜೀವಿಗಳಿಗೆ ವಿಷವಾದ್ದರಿಂದ ತಾಮ್ರಕ್ಕೆ ಅಂಟಿದ ಅರ್ಧ ಸೆಂಟಿಮೀಟರ್ ದಾರ ಕೊಳೆಯದೆ ಹಸಿರುಗಟ್ಟಿ ನಿಲ್ಲುತ್ತದೆ. ಭೂತಗನ್ನಡಿಯಲ್ಲಿ ನೋಡಿ. ಬೇರಾದರೆ ಕವಲೊಡೆದು ತೆಳುವಾಗುತ್ತ ಹೋಗುತ್ತದೆ. ದಾರವಾದರೆ ದಪ್ಪ ಒಂದೇ ಸಮ, ಎಳೆಗಳು ಒಂದೇ ದಿಕ್ಕಿಗೆ ಹೊಸೆದುಕೊಂಡಿರುತ್ತವೆ, ಕೊಂಡಿಯನ್ನು ಹಲವು ಸುತ್ತು ಬಳಸಿರುತ್ತವೆ. ಯಾರೋ ದರ್ಜಿ ಗಂಟು ಹಾಕಿದ್ದು ಹಾಗೆಯೇ ಕಾಣುವುದೂ ಉಂಟು. ಇಂಥ ಗುಂಡಿಯ ಹಿಂಬದಿಯನ್ನು ತೊಳೆಯಬೇಡಿ, ಎಣ್ಣೆ ಮೇಣ ಯಾವುದನ್ನೂ ಹಚ್ಚಬೇಡಿ. ನೆರಳಿನಲ್ಲಿ ನಿಧಾನವಾಗಿ ಒಣಗಿಸಿ, ಫೋಟೊ ತೆಗೆದು, ಹತ್ತಿರದ ವಸ್ತುಸಂಗ್ರಹಾಲಯದವರಿಗೆ ತೋರಿಸಿ. ನನ್ನ ಮಟ್ಟಿಗೆ ದಾರ ಉಳಿದ ಸಾದಾ ಗುಂಡಿ, ದಾರವಿಲ್ಲದ ಗಿಲೀಟು ಗುಂಡಿಗಿಂತ ಮೇಲು.

ಚೆನ್ನಾಗಿ ತೊಳೆದು ಇಟ್ಟಿದ್ದೆ. ಈಗ ತಿಳಿಹಸಿರು ಪುಡಿ ಏಳುತ್ತಿದೆ. ಇದೇನು?

ಕಂಚಿನ ರೋಗ ಎನ್ನುತ್ತಾರೆ. ಹಿತ್ತಾಳೆಗೂ ತಾಮ್ರಕ್ಕೂ ಬರುತ್ತದೆ. ಮಣ್ಣಿನಲ್ಲಿರುವ ಕ್ಲೋರೈಡ್ ಲೋಹದ ಆಳಕ್ಕೆ ಇಳಿದು ತಾಮ್ರದ ಕ್ಲೋರೈಡಾಗಿ ಕಾದಿರುತ್ತದೆ. ನೆಲದಿಂದ ಹೊರಬಂದು ಗಾಳಿ ಮತ್ತು ತೇವ ಸಿಕ್ಕಾಗ ಅದು ಕೆರಳಿ ಆಮ್ಲ ಹುಟ್ಟಿಸುತ್ತದೆ, ಆ ಆಮ್ಲ ಹೊಸ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡಾಗುತ್ತದೆ. ಬಿಟ್ಟರೆ ಗುಂಡಿ ತೂತಾಗುವವರೆಗೆ ಈ ಚಕ್ರ ನಿಲ್ಲದು. ಸಮುದ್ರತೀರದ ಹೊಲಗಳಿಂದ ಬಂದವುಗಳಲ್ಲಿ ಹೆಚ್ಚು.

ಸಾಧಾರಣ ಕಿಲುಬು ಗಟ್ಟಿ, ಕಡುಹಸಿರು, ನಯ. ರೋಗದ ಪುಡಿ ತಿಳಿಹಸಿರು, ಸೀಮೆಸುಣ್ಣದಂತೆ ಉದುರುವಂಥದ್ದು, ಚುಕ್ಕಿ ಚುಕ್ಕಿಯಾಗಿ ಏಳುತ್ತದೆ. ಸಂಶಯವಿದ್ದರೆ ಪುಡಿಯನ್ನು ಒರೆಸಿ, ಒದ್ದೆ ಹತ್ತಿಯಿರುವ ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಇಟ್ಟು ನೋಡಿ. ಮತ್ತೆ ಎದ್ದರೆ ರೋಗವೇ. ರೋಗಿಯನ್ನು ಬೇರೆ ಡಬ್ಬಿಗೆ ಹಾಕಿ. ಮುಖಕ್ಕೆ ಮಾಸ್ಕ್ ಹಾಕಿಕೊಂಡು ಪುಡಿಯನ್ನು ಮುಳ್ಳಿನಿಂದ ಕೆದಕಿ ತೆಗೆದು, ತೇವ ಹೀರುವ ಸಿಲಿಕಾ ಜೆಲ್ ತುಂಬಿದ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ತೇವಾಂಶ ಶೇಕಡಾ 40ಕ್ಕಿಂತ ಕೆಳಗಿದ್ದರೆ ರೋಗ ಮಲಗಿರುತ್ತದೆ. ವಸ್ತುಸಂಗ್ರಹಾಲಯದ ಸಂರಕ್ಷಕರು ಕಿಲುಬು ತಡೆಯುವ ಬೆಂಜೋಟ್ರಯಜೋಲನ್ನು ಎಥನಾಲಿನಲ್ಲಿ ಕರಗಿಸಿ ಬಳಸುತ್ತಾರೆ. ಅದು ಆರೋಗ್ಯಕ್ಕೆ ಕೆಡುಕಾದ ರಾಸಾಯನಿಕ, ಮನೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ರೋಗವಿದ್ದಾಗ ಮೇಲೆ ಮೇಣ ಬಳಿದು ಮುಚ್ಚುವುದು ನಿಷ್ಪ್ರಯೋಜಕ, ಕೆಳಗೆ ತಿನ್ನುವುದು ನಡೆದೇ ಇರುತ್ತದೆ.

ಕೊಬ್ಬರಿ ಎಣ್ಣೆ ಹಚ್ಚಿದೆ, ಬಣ್ಣ ಎಷ್ಟು ಚೆನ್ನಾಗಿ ಎದ್ದಿತು! ತಪ್ಪೇನು?

ಎಣ್ಣೆ ಹಚ್ಚಿದ ದಿನ ಎಲ್ಲವೂ ಚೆಂದವೇ. ಕೊಬ್ಬರಿಯೋ ಆಲಿವೋ, ಅಡುಗೆ ಎಣ್ಣೆಗಳಲ್ಲಿ ಕೊಬ್ಬಿನ ಆಮ್ಲಗಳಿವೆ. ಅವು ತಾಮ್ರದ ಜೊತೆ ಸೇರಿ ಹಸಿರು ಜಿಡ್ಡಾಗುತ್ತವೆ, ಅದರ ಮೇಲೆ ಧೂಳು ಕೂರುತ್ತದೆ. ಆಲಿವ್ ಎಣ್ಣೆಯಲ್ಲಿ ವಾರಗಟ್ಟಲೆ ನೆನೆಸುವ ಹಳೆಯ ಪದ್ಧತಿಯೂ ನಿಧಾನವಾದ ಆಮ್ಲಸ್ನಾನವೇ. ಹಚ್ಚಿಯಾಗಿದ್ದರೆ ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ತೆಗೆಯಿರಿ, ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು.

ಹಾಗಾದರೆ ಯಾವ ಮೇಣ? ಹೇಗೆ ಹಚ್ಚುವುದು?

ಸೂಕ್ಷ್ಮಸ್ಫಟಿಕ ಮೇಣ. ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಶಾಲೆಯಲ್ಲಿ ರೂಪುಗೊಂಡ ‘ರಿನೇಸಾನ್ಸ್ ವ್ಯಾಕ್ಸ್’ ಎಲ್ಲ ಕಡೆ ಸಿಗುತ್ತದೆ, ಒಂದು ಸಣ್ಣ ಡಬ್ಬಿ ವರ್ಷಗಟ್ಟಲೆ ಬರುತ್ತದೆ. ಗುಂಡಿ ಒಣಗಿರುವುದು ಮುಖ್ಯ. ಒಳಗೆ ತೇವ ಉಳಿಸಿ ಮೇಲೆ ಮೇಣ ಹಚ್ಚಿದರೆ ತೇವವನ್ನು ಬಂಧಿಸಿಟ್ಟಂತೆ. ಮೃದು ಬಟ್ಟೆಯಲ್ಲಿ ಸಾಸಿವೆಯಷ್ಟು ತೆಗೆದುಕೊಂಡು ಸವರಿ, ಕೆಲವು ನಿಮಿಷ ಬಿಟ್ಟು, ಮೆತ್ತಗೆ ಒರೆಸಿ. ಏಳುತ್ತಿರುವ ಗಿಲೀಟಿನ ಮೇಲೆ ಬಟ್ಟೆ ಆಡಿಸಬೇಡಿ, ಅಲ್ಲಿಗೆ ಪ್ಯಾರಲಾಯ್ಡೇ ಸರಿ.

ಗುಂಡಿ ನೇಗಿಲಿಗೆ ಸಿಕ್ಕಿ ಬಗ್ಗಿದೆ, ಕೊಂಡಿ ಬೇರೆಯಾಗಿದೆ. ಸರಿಮಾಡಬಹುದೇ?

ಬಗ್ಗಿದ್ದನ್ನು ಬಿಡಿ. ಅಚ್ಚಿನಲ್ಲಿ ಒತ್ತಿಸಿಕೊಂಡು ಮೊದಲೇ ಬಿರುಸಾದ ಲೋಹ, ನೆಲದಲ್ಲಿ ತುಕ್ಕಿನಿಂದ ಒಳಗೊಳಗೇ ಸೀಳಿರುತ್ತದೆ. ನೆಟ್ಟಗೆ ಮಾಡಲು ಹೋದರೆ ಬಿಸ್ಕತ್ತಿನ ಸದ್ದು ಮಾಡಿ ಎರಡಾಗುತ್ತದೆ. ಬೇರೆಯಾದ ಕೊಂಡಿಯನ್ನು ಗಟ್ಟಿಯಾಗಿ ಕಲಸಿದ ಪ್ಯಾರಲಾಯ್ಡಿನಿಂದ ಅಂಟಿಸಬಹುದು. ಬೆಸುಗೆ ಹಾಕಿದರೆ ಶಾಖಕ್ಕೆ ಗಿಲೀಟೂ ಕಿಲುಬೂ ಹಾಳು, ಸೂಪರ್ ಗ್ಲೂ ಹಾಕಿದರೆ ಮುಂದೆ ಬಿಡಿಸುವುದು ಕಷ್ಟ.

ಹೊಸದಾಗಿ ಚಿನ್ನದ ನೀರು ಹಾಕಿಸಿ ಕೋಟಿಗೆ ಹೊಲಿಸಬೇಕೆಂದಿದ್ದೇನೆ.

ಲೇಪ ಹಾಕುವವರು ಮೊದಲು ಹಳೆಯದನ್ನೆಲ್ಲ ಆಮ್ಲದಲ್ಲಿ ಕಿತ್ತುಹಾಕುತ್ತಾರೆ. ಆಮೇಲೆ ನಿಮ್ಮ ಕೋಟಿನ ಮೇಲಿರುವುದು ಹೊಸ ಗುಂಡಿ. ಕೋಟಿಗೆ ಬೇಕಾದರೆ ನೆಲಕ್ಕೆ ಬೀಳದೆ ಯಾರದೋ ಪೆಟ್ಟಿಗೆಯಲ್ಲಿ ಉಳಿದ ಹಳೆಯ ಗುಂಡಿಗಳು ಮಾರಾಟಕ್ಕೆ ಧಾರಾಳವಾಗಿ ಸಿಗುತ್ತವೆ, ಅವುಗಳನ್ನು ಹೊಲಿಸಿಕೊಳ್ಳಿ.

ಎಂಥ ಡಬ್ಬಿಯಲ್ಲಿ ಇಡಬೇಕು? ಚೆಂದದ ಓಕ್ ಮರದ ಪೆಟ್ಟಿಗೆ ಇದೆ.

ಓಕ್ ಮರ ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ, ಪ್ಯೂಟರನ್ನು ಬಿಳಿ ಪುಡಿ ಮಾಡುತ್ತದೆ. ಪಿವಿಸಿ ಹಾಳೆ, ರಬ್ಬರ್ ಬ್ಯಾಂಡ್, ದಿನಪತ್ರಿಕೆಯ ಕಾಗದ ಇವೂ ಬೇಡ. ಪಾಲಿಪ್ರೊಪಿಲೀನಿನ ಊಟದ ಡಬ್ಬಿ, ಒಳಗೆ ಪಾಲಿಥೀನ್ ಫೋಮ್, ಒಂದು ಹಿಡಿ ಸಿಲಿಕಾ ಜೆಲ್, ತೇವ ತೋರಿಸುವ ಬಣ್ಣದ ಚೀಟಿ ಇಷ್ಟಿದ್ದರೆ ಆಯಿತು. ಜೆಲ್ಲಿನ ಬಣ್ಣ ಬದಲಾದಾಗ ಒಲೆಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಕಬ್ಬಿಣವಿರುವವು, ಪ್ಯೂಟರ್, ತಾಮ್ರ ಬೇರೆ ಬೇರೆಯಾಗಿರಲಿ.

## ಓದುವುದು, ಒಪ್ಪಿಸುವುದು

ಹಿಂಬದಿಯಲ್ಲಿ ‘ಟ್ರೆಬಲ್ ಗಿಲ್ಟ್’ ಎಂದಿದೆ. ಮೂರು ಪದರ ಚಿನ್ನವೇ?

ಮಾಮೂಲಿಗಿಂತ ಹೆಚ್ಚು ಚಿನ್ನ ಎಂಬ ಹೇಳಿಕೆ. ಇಂಥ ಬರಹವಿರುವ ಚಪ್ಪಟೆ ಗುಂಡಿಗಳು ಹೆಚ್ಚಾಗಿ 19ನೇ ಶತಮಾನದ ಮೊದಲರ್ಧದವು. ತಯಾರಕರ ಹೆಸರು, ಬೀದಿಯ ಹೆಸರು ಇದ್ದರೆ ಕಾಲ ಇನ್ನೂ ಬಿಗಿಯಾಗಿ ಸಿಗುತ್ತದೆ. ಅಂಗಡಿ ವಿಳಾಸ ಬದಲಿಸಿದಾಗ ಅಚ್ಚೂ ಬದಲಾಗುತ್ತಿತ್ತು. ಮುಂಭಾಗದ ಕಿರೀಟವೂ ಮಾತಾಡುತ್ತದೆ: ಕಮಾನುಗಳು ನಡುವೆ ತಗ್ಗದೆ ಗುಂಡಾಗಿರುವ ಟ್ಯೂಡರ್ ಕಿರೀಟ 1901ರಿಂದ 1950ರ ದಶಕದ ಆರಂಭದವರೆಗೆ, ನಡುವೆ ತಗ್ಗಿರುವ ಸೇಂಟ್ ಎಡ್ವರ್ಡ್ ಕಿರೀಟ ಎರಡನೇ ಎಲಿಜಬೆತ್ ರಾಣಿಯ ಕಾಲದ್ದು. ಓದಲಾಗದ ಬರಹಕ್ಕೆ ಉಜ್ಜುವುದು ಉತ್ತರವಲ್ಲ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಗುಂಡಿಯ ಮಟ್ಟಕ್ಕೆ ಮಲಗಿಸಿ ಸುತ್ತ ತಿರುಗಿಸಿ, ಅಕ್ಷರಗಳು ಒಂದೊಂದು ಕೋನದಲ್ಲಿ ಒಂದೊಂದು ಏಳುತ್ತವೆ.

ಯಾರ್ಕ್‌ಶೈರಿನಲ್ಲಿ ‘33’ ಎಂಬ ಸಂಖ್ಯೆಯ ಗುಂಡಿ ಸಿಕ್ಕಿತು. ಶ್ರೀರಂಗಪಟ್ಟಣಕ್ಕೆ ಬಂದದ್ದು ಇದೇ ರೆಜಿಮೆಂಟಲ್ಲವೇ?

ಅದೇ. ಆರ್ಥರ್ ವೆಲ್ಲೆಸ್ಲಿಯ 33ನೇ ರೆಜಿಮೆಂಟ್ 1799ರ ಮುತ್ತಿಗೆಯಲ್ಲಿತ್ತು. ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಟಿಪ್ಪುವಿನ ಕಡೆಯವರಿಂದ ಪೆಟ್ಟು ತಿಂದದ್ದೂ ಅದೇ. ಹಾಗೆಂದು ನಿಮ್ಮ ಗುಂಡಿ ಕಾವೇರಿ ಕಂಡಿದೆ ಎನ್ನಲಾಗದು. ಕಾಲಾಳು ರೆಜಿಮೆಂಟುಗಳ ಗುಂಡಿಗೆ ಸಂಖ್ಯೆ ಹಾಕಬೇಕೆಂಬ ಆಜ್ಞೆ ಬಂದದ್ದು 1767ರಲ್ಲಿ, ಸಾಮಾನ್ಯ ಸಿಪಾಯಿಗಳಿಗೆ ಎಲ್ಲರಿಗೂ ಒಂದೇ ಬಗೆಯ ಗುಂಡಿ ಬಂದದ್ದು 1871ರಲ್ಲಿ. ಪ್ಯೂಟರಾದರೆ 1855ಕ್ಕಿಂತ ಹಿಂದಿನದು, ಆಮೇಲೆ ಸಿಪಾಯಿಗಳಿಗೆ ಹಿತ್ತಾಳೆ ಬಂತು. 33ನೆಯದು ಯಾರ್ಕ್‌ಶೈರಿನದೇ ರೆಜಿಮೆಂಟ್, ಅಲ್ಲಿನ ಹೊಲದಲ್ಲಿ ಅದರ ಗುಂಡಿ ಸಿಗುವುದು ಸಹಜ.

ಒಂದು ಗುಂಡಿ ಸಿಕ್ಕರೂ ಸರ್ಕಾರಕ್ಕೆ ಹೇಳಬೇಕೇ?

ಇಂಗ್ಲೆಂಡ್, ವೇಲ್ಸಿನಲ್ಲಿ ಜಮೀನಿನ ಒಡೆಯರ ಒಪ್ಪಿಗೆ ಮೊದಲು. 1996ರ ಟ್ರೆಷರ್ ಕಾಯ್ದೆಯ ಪ್ರಕಾರ 300 ವರ್ಷ ದಾಟಿದ, ಕನಿಷ್ಠ ಶೇಕಡಾ 10 ಚಿನ್ನ ಅಥವಾ ಬೆಳ್ಳಿ ಇರುವ ವಸ್ತುವನ್ನು 14 ದಿನಗಳೊಳಗೆ ತಿಳಿಸಬೇಕು. 17ನೇ ಶತಮಾನದ ಪುಟ್ಟ ಬೆಳ್ಳಿ ಗುಂಡಿ ಇದರೊಳಗೆ ಬರುತ್ತದೆ. ತಾಮ್ರದ ಗುಂಡಿ ಸಾಮಾನ್ಯವಾಗಿ ಬರುವುದಿಲ್ಲ, ಆದರೂ ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಯೋಜನೆಯ ಅಧಿಕಾರಿಗೆ ತೋರಿಸಿದರೆ ದಾಖಲೆಯಾಗುತ್ತದೆ. ಬೆಳ್ಳಿ ಎಂಬ ಅನುಮಾನ ಬಂದರೆ ತೊಳೆಯದೆ ತೋರಿಸಿ. ಸ್ಕಾಟ್ಲೆಂಡಿನ ನಿಯಮ ಬೇರೆ, ಇನ್ನೂ ಬಿಗಿ.

ಊರಿಗೆ ಹೋದಾಗ ಶ್ರೀರಂಗಪಟ್ಟಣದಲ್ಲೋ ಹಂಪಿಯಲ್ಲೋ ಡಿಟೆಕ್ಟರ್ ಆಡಿಸಬಹುದೇ?

ಬೇಡ. ಸಂರಕ್ಷಿತ ಸ್ಮಾರಕಗಳ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವುದು 1958ರ ಕಾಯ್ದೆಯಂತೆ ಅಪರಾಧ. ಸ್ವಂತ ಜಮೀನಿನಲ್ಲೂ ನಿಧಿ ಕಾಯ್ದೆ ಅನ್ವಯಿಸುತ್ತದೆ. ಕೇಂದ್ರದ್ದು 1878ರದು, ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ನಿಧಿಗಳ್ಳರ ಕಾಟದಿಂದ ಬೇಸತ್ತ ಊರಿನಲ್ಲಿ ಯಂತ್ರ ಹಿಡಿದು ನಡೆದರೆ ನಿಮ್ಮ ಹವ್ಯಾಸವನ್ನು ಪೊಲೀಸರಿಗೆ ವಿವರಿಸುವ ಹೊತ್ತಿಗೆ ರಜೆ ಮುಗಿದಿರುತ್ತದೆ.

ಇಂಗ್ಲೆಂಡಿನಲ್ಲಿ ಸಿಕ್ಕ ಗುಂಡಿಗಳನ್ನು ಬೆಂಗಳೂರಿಗೆ ತರಬಹುದೇ? ಅಪ್ಪನಿಗೆ ತೋರಿಸಬೇಕು.

ಬ್ರಿಟನ್ನಿನ ನೆಲದಿಂದ ತೆಗೆದ, 50 ವರ್ಷ ದಾಟಿದ ಪುರಾತತ್ವ ವಸ್ತುಗಳಿಗೆ ರಫ್ತು ಪರವಾನಗಿಯ ನಿಯಮವಿದೆ; ಅಗ್ಗದ ವಸ್ತು ಎಂಬ ಕಾರಣಕ್ಕೆ ವಿನಾಯಿತಿ ಸಿಗುತ್ತದೆಂದು ಎಣಿಸಬೇಡಿ. ಪರವಾನಗಿ ಕೊಡುವುದು ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್, ಟಿಕೆಟ್ ಮಾಡಿಸುವ ಮೊದಲೇ ವಿಚಾರಿಸಿ. ಭಾರತದೊಳಗೆ ಬಂದ ಮೇಲೆ ಇನ್ನೊಂದು ಗಂಟು: 100 ವರ್ಷ ದಾಟಿದ ವಸ್ತುವನ್ನು ಮತ್ತೆ ಹೊರಗೊಯ್ಯುವಾಗ 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ಬರಬಹುದು. ತೋರಿಸಿ ವಾಪಸ್ ತರುವುದಷ್ಟೇ ಉದ್ದೇಶವಾದರೆ ಗುಂಡಿ ಇಂಗ್ಲೆಂಡಿನ ಡಬ್ಬಿಯಲ್ಲೇ ಇರಲಿ, ಎರಡೂ ಮುಖದ ಫೋಟೊಗಳನ್ನು ದೊಡ್ಡದಾಗಿ ಮುದ್ರಿಸಿ ಅಪ್ಪನಿಗೆ ಒಯ್ಯಿರಿ.